ಜೊತೆಗೆ ಯಾರಿದ್ದಾರೆ? ಲೋಧಿ ಕಾಲೋನಿಯ ಕನ್ನಡಿಗರೂ ಪರಭಾಷೆಯ ಡಾಕ್ಟರೂ

ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿ ಎದುರಿಸುವ ಮೊದಲ ಪ್ರಶ್ನೆಗಳಲ್ಲಿ ಒಂದು ‘ಸಾಥ್ ಮೇಂ ಕೌನ್ ಹೈ?’ ಎಂಬುದು. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳುವುದರಲ್ಲಿ ಕುತೂಹಲವೇನೂ ಇಲ್ಲ, ಅದು ಕೆಲಸದ ಮಾತು. ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲುವವರು ಬೇಕು, ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯುವವರು ಬೇಕು, ಹೊರಗಿನ ಅಂಗಡಿಯಿಂದ ಔಷಧ ತರುವವರು ಬೇಕು, ಆಪರೇಷನ್ನಿಗೆ ಮುಂಚೆ ಕಾಗದಕ್ಕೆ ಸಹಿ ಹಾಕುವವರೂ ಬೇಕು. ನಮ್ಮ ದೇಶದ ಆಸ್ಪತ್ರೆಗಳ ಇಡೀ ವ್ಯವಸ್ಥೆ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ಆದರೆ ಹೊಸ ದೆಹಲಿ ಹುಟ್ಟಿದ್ದೇ ಮನೆಯವರನ್ನು ಬಿಟ್ಟು ಬಂದವರಿಂದ. 1911ರ ಡಿಸೆಂಬರ್ 12ರಂದು ರಾಜಧಾನಿಯನ್ನು ಕಲ್ಕತ್ತದಿಂದ ಇಲ್ಲಿಗೆ ತರುವ ಘೋಷಣೆಯಾಯಿತು. 1931ರ ಫೆಬ್ರುವರಿಯಲ್ಲಿ ಹೊಸ ನಗರದ ಉದ್ಘಾಟನೆ ನಡೆಯಿತು. ಈ ನಡುವೆಯೂ ಆಮೇಲೆಯೂ ಸೆಕ್ರೆಟೇರಿಯಟ್ಟಿನ ಕಡತಗಳ ಹಿಂದೆ ದೇಶದ ಮೂಲೆಮೂಲೆಯ ಗುಮಾಸ್ತರು, ಟೈಪಿಸ್ಟರು, ಲೆಕ್ಕಿಗರು ಬಂದರು. ಅವರಲ್ಲಿ ಕನ್ನಡಿಗರೂ ಇದ್ದರು. ದೆಹಲಿ ಅವರಿಗೆ ಕಾನೂನಿನ ಪ್ರಕಾರ ಪರದೇಶವಲ್ಲ. ಆದರೆ ಹೊಟ್ಟೆನೋವು ಬಂದ ದಿನ ಅದು ಪರದೇಶವೇ. ಅಡುಗೆಯನ್ನು ಹೊಂದಿಸಿಕೊಳ್ಳಬಹುದು, ಚಳಿಗೆ ರಜಾಯಿ ಕೊಳ್ಳಬಹುದು, ಬಸ್ಸಿನಲ್ಲಿ ಕೈಸನ್ನೆಯಿಂದ ದಾರಿ ಕೇಳಬಹುದು. ಒಳಗಿನ ನೋವು ಎಲ್ಲಿದೆ, ಹೇಗಿದೆ, ಎಂದಿನಿಂದ ಇದೆ ಎಂದು ಅಪರಿಚಿತ ಡಾಕ್ಟರಿಗೆ ಹೇಳುವುದಕ್ಕೆ ಮಾತ್ರ ಮಾತೇ ಬೇಕು.

ಆ ಮಾತಿನ ಕತೆಯನ್ನು ಹೇಳಲು ಲೋಧಿ ಕಾಲೋನಿಗಿಂತ ತಕ್ಕ ಜಾಗ ದೆಹಲಿಯಲ್ಲಿ ಹೆಚ್ಚಿಲ್ಲ.

ಬ್ರಿಟಿಷರು ಕಟ್ಟಿದ ಕೊನೆಯ ಕಾಲೋನಿ

ಲೋಧಿ ಕಾಲೋನಿ 1940ರ ದಶಕದ್ದು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ದೆಹಲಿಯ ಇಲಾಖೆಗಳು ದಿಢೀರನೆ ಬೆಳೆದವು, ನೌಕರರಿಗೆ ಮನೆಗಳು ಸಾಲಲಿಲ್ಲ. ಲೋಧಿ ಸುಲ್ತಾನರ ಗೋರಿಗಳಿರುವ ಉದ್ಯಾನದ ದಕ್ಷಿಣಕ್ಕೆ ಸಾಲು ಸಾಲಾಗಿ ಸರ್ಕಾರಿ ವಸತಿಗಳು ಎದ್ದವು. ಲುಟ್ಯೆನ್ಸ್ ಜೊತೆ ಕೆಲಸ ಮಾಡಿದ್ದ ವಾಸ್ತುಶಿಲ್ಪಿ ವಿಲಿಯಂ ಹೆನ್ರಿ ಮೆಡ್ ಹೆಸರು ಇದರ ವಿನ್ಯಾಸದೊಂದಿಗೆ ಸೇರಿಕೊಂಡಿದೆ. ಎತ್ತರದ ಕಮಾನುಗಳು, ಅವುಗಳ ಮೂಲಕ ಒಳಗೆ ಹೋದರೆ ನಡುವೆ ಅಂಗಳ, ಸುತ್ತ ಎರಡಂತಸ್ತಿನ ಮನೆಗಳು. ಬ್ರಿಟಿಷ್ ಆಡಳಿತ ದೆಹಲಿಯಲ್ಲಿ ಕಟ್ಟಿದ ಕೊನೆಯ ವಸತಿ ಪ್ರದೇಶ ಇದೇ ಎಂದು ಹೇಳುತ್ತಾರೆ. ಇವತ್ತು ಅದೇ ಗೋಡೆಗಳ ಮೇಲೆ ದೇಶವಿದೇಶದ ಕಲಾವಿದರ ಬೃಹತ್ ಚಿತ್ರಗಳಿವೆ, ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಗೋಡೆಯ ಹಿಂದೆ ಈಗಲೂ ಸರ್ಕಾರಿ ನೌಕರರ ಸಂಸಾರಗಳಿವೆ.

ಕ್ವಾರ್ಟರ್ಸ್ ಹಂಚುವಾಗ ಸರ್ಕಾರ ನೋಡುವುದು ಸಂಬಳದ ದರ್ಜೆಯನ್ನು, ಭಾಷೆಯನ್ನಲ್ಲ. ಹಾಗಾಗಿ ಒಂದೇ ಮೆಟ್ಟಿಲ ಸುತ್ತ ಬಂಗಾಳಿ, ಪಂಜಾಬಿ, ತಮಿಳು, ಗಢವಾಲಿ, ಕನ್ನಡ ಮನೆಗಳು ಸೇರಿಕೊಂಡವು. ಕನ್ನಡದ ಮನೆ ಎಂದರೂ ಒಂದೇ ಬಗೆಯದಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ದೆಹಲಿಗೆ ಬಂದ ಕನ್ನಡಿಗ ಮೈಸೂರು ಸಂಸ್ಥಾನದವನಾಗಿರಬಹುದು, ಮುಂಬಯಿ ಪ್ರಾಂತ್ಯದ ಧಾರವಾಡದವನು, ನಿಜಾಮನ ರಾಜ್ಯದ ಕಲಬುರಗಿಯವನು, ಮದರಾಸು ಪ್ರಾಂತ್ಯದ ಮಂಗಳೂರಿನವನು ಅಥವಾ ಕೊಡಗಿನವನೂ ಆಗಿರಬಹುದು. ಡಾಕ್ಟರ ಮುಂದೆ ಕೂತಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತಿತ್ತು.

ನಿಜಾಮನ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸುವ ಪದ್ಧತಿ ಇಟ್ಟುಕೊಂಡಿತು. ಅಲ್ಲಿ ಓದಿ ಬಂದ ರಾಯಚೂರು, ಬೀದರ, ಕಲಬುರಗಿಯ ಗಂಡಸಿಗೆ ‘ತಬಿಯತ್’, ‘ಬುಖಾರ್’ ಎಂಬ ಮಾತುಗಳು ಹೊಸವಲ್ಲ. ಮೈಸೂರಿನವನಿಗೆ ಇಂಗ್ಲಿಷ್ ಇತ್ತು, ಡಾಕ್ಟರರಿಗೂ ಇಂಗ್ಲಿಷ್ ಇತ್ತು. ಧಾರವಾಡ, ಬೆಳಗಾವಿಯವನಿಗೆ ಮರಾಠಿಯ ಬೆನ್ನೇರಿ ಹಿಂದಿಯವರೆಗೆ ಹೋಗಲು ಸಾಧ್ಯವಿತ್ತು. ಈ ಏಣಿಗಳೆಲ್ಲ ಓದಿದ, ಕಚೇರಿಗೆ ಹೋಗುವ ಗಂಡಸರದು. ಅವನ ಹಿಂದೆ ಬಂದ ಹೆಂಡತಿಗೆ, ಅದಕ್ಕಿಂತ ತಡವಾಗಿ ಬಂದ ತಾಯಿಗೆ ಅಂಥದ್ದೇನೂ ಇರುತ್ತಿರಲಿಲ್ಲ.

ಡಾಕ್ಟರು ಸಿಕ್ಕಿದ ಬಗೆ

ಮೊದಲಿಗೆ ಡಾಕ್ಟರು ಸಿಗುವುದೇ ಒಂದು ಪ್ರಶ್ನೆಯಾಗಿತ್ತು. ಊರಿನಲ್ಲಾದರೆ ಡಾಕ್ಟರನ್ನು ಹುಡುಕಬೇಕಾಗಿರಲಿಲ್ಲ. ಅಜ್ಜನ ಕಾಲದಿಂದ ಮನೆಗೆ ಬರುವ ಎಲ್‌ಎಂಪಿ ಒಬ್ಬರು ಇರುತ್ತಿದ್ದರು, ಅವರಿಗೆ ಮನೆಯ ಎಲ್ಲರ ದೇಹಸ್ಥಿತಿಯೂ ಗೊತ್ತಿರುತ್ತಿತ್ತು. ಪರವೂರಿನಲ್ಲಿ ಆ ಪರಿಚಯ ಸೊನ್ನೆಯಿಂದ ಶುರುವಾಗಬೇಕು.

ಕೇಂದ್ರ ಸರ್ಕಾರದ ನೌಕರರಿಗಾಗಿ 1944ರ ವೈದ್ಯಕೀಯ ನಿಯಮಗಳು ಇದ್ದವು. ಅವುಗಳ ಪ್ರಕಾರ ಸರ್ಕಾರ ಗೊತ್ತುಮಾಡಿದ ಅಧಿಕೃತ ವೈದ್ಯರಲ್ಲಿ ತೋರಿಸಿಕೊಂಡು, ಖರ್ಚಿನ ರಸೀದಿ ಕೊಟ್ಟು ಹಣ ವಾಪಸು ಪಡೆಯಬೇಕು. ಮೊದಲು ಕೈಯಿಂದ ಹಣ ಹಾಕಬೇಕು, ಆಮೇಲೆ ಬಿಲ್ಲು ಮೇಜಿನಿಂದ ಮೇಜಿಗೆ ಹೋಗಬೇಕು. ತಿಂಗಳ ಕೊನೆಯ ವಾರದಲ್ಲಿ ಜ್ವರ ಬಂದ ಕೆಳದರ್ಜೆಯ ಗುಮಾಸ್ತನಿಗೆ ಈ ಸೌಲಭ್ಯ ಕಾಗದದ ಮೇಲಿನದು.

ಅದೇ ಹೊತ್ತಿಗೆ ದೊಡ್ಡ ಪ್ರಶ್ನೆಯೊಂದು ಚರ್ಚೆಯಲ್ಲಿತ್ತು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸರ್ ಜೋಸೆಫ್ ಭೋರ್ ಅವರ ಸಮಿತಿ, ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ಇಡೀ ದೇಶಕ್ಕೆ ಅದನ್ನು ಮಾಡಿತೋರಿಸುವ ಶಕ್ತಿ ಹೊಸ ಸರ್ಕಾರಕ್ಕೆ ಇರಲಿಲ್ಲ. ತನ್ನ ನೌಕರರ ಮಟ್ಟಿಗೆ ಅದು ಒಂದು ಪ್ರಯೋಗ ಮಾಡಿತು. ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಸಚಿವೆಯಾಗಿದ್ದಾಗ, 1954ರಲ್ಲಿ, ದೆಹಲಿಯಲ್ಲಿ ವಂತಿಗೆ ಆಧಾರದ ಆರೋಗ್ಯ ಯೋಜನೆ ಶುರುವಾಯಿತು. ಇಂದು ಸಿಜಿಎಚ್‌ಎಸ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಸಂಬಳದ ಮಟ್ಟಕ್ಕೆ ತಕ್ಕಂತೆ ತಿಂಗಳಿಗೆ ಒಂದಿಷ್ಟು ಹಣ ಮುರಿದುಕೊಳ್ಳುವುದು, ಬದಲಿಗೆ ನೌಕರನಿಗೂ ಅವನ ಕುಟುಂಬಕ್ಕೂ ಡಾಕ್ಟರು, ಔಷಧ, ಪರೀಕ್ಷೆ, ದೊಡ್ಡ ಆಸ್ಪತ್ರೆಗೆ ಶಿಫಾರಸು ಎಲ್ಲವನ್ನೂ ಕೊಡುವುದು. ಇದಕ್ಕಾಗಿ ನೌಕರರ ವಸತಿಗಳ ಹತ್ತಿರವೇ ಡಿಸ್ಪೆನ್ಸರಿಗಳು ಬಂದವು. ಲೋಧಿ ರಸ್ತೆಯ ಆಸುಪಾಸಿನಲ್ಲಿ ಅವು ಇಂದಿಗೂ ಇವೆ, ಹೆಸರು ಮಾತ್ರ ‘ವೆಲ್‌ನೆಸ್ ಸೆಂಟರ್’ ಎಂದು ಬದಲಾಗಿದೆ.

ದೊಡ್ಡ ಕಾಯಿಲೆಗೆ ಬೇಕಾದ ಆಸ್ಪತ್ರೆಗಳೂ ದೂರವಿರಲಿಲ್ಲ. 1942ರಲ್ಲಿ ಅಮೆರಿಕದ ಸೈನಿಕರಿಗಾಗಿ ಎದ್ದ ಯುದ್ಧಕಾಲದ ಆಸ್ಪತ್ರೆಯೇ ಮುಂದೆ ಸಫ್ದರ್‌ಜಂಗ್ ಆಸ್ಪತ್ರೆಯಾಯಿತು. ಅದರ ಎದುರಿಗೆ, ನ್ಯೂಜಿಲೆಂಡ್ ಕೊಟ್ಟ ನೆರವಿನಿಂದ ಆರಂಭಗೊಂಡು 1956ರ ಕಾಯ್ದೆಯಿಂದ ಸ್ವಾಯತ್ತವಾದ ಏಮ್ಸ್ ಬೆಳೆಯಿತು. ಎರಡೂ ಲೋಧಿ ಕಾಲೋನಿಯಿಂದ ಕೆಲವೇ ಕಿಲೋಮೀಟರು. ಅಮೃತ್ ಕೌರ್ ನಂತರ ಆರೋಗ್ಯ ಖಾತೆಗೆ ಬಂದವರು ಧಾರವಾಡದ ಡಿ.ಪಿ. ಕರಮರಕರ. 1957ರಿಂದ 1962ರವರೆಗೆ ದೇಶದ ಆರೋಗ್ಯ ಸಚಿವರು ಕನ್ನಡನಾಡಿನವರೇ ಆಗಿದ್ದರು. ಲೋಧಿ ಕಾಲೋನಿಯಲ್ಲಿದ್ದ ಧಾರವಾಡದ ಮುದುಕಿಯೊಬ್ಬಳಿಗೆ ಈ ಸಂಗತಿ ಗೊತ್ತಿದ್ದರೂ, ಡಿಸ್ಪೆನ್ಸರಿಯ ಬೆಂಚಿನ ಮೇಲೆ ಅದು ಅವಳ ನೆರವಿಗೆ ಬರುವಂಥದ್ದಲ್ಲ.

ಆ ಯೋಜನೆಯ ದೊಡ್ಡ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನಗರದಲ್ಲಿ ಯಾರ ಪರಿಚಯವೂ ಇಲ್ಲದವನಿಗೆ, ಊರಿನಿಂದ ನಿನ್ನೆ ಬಂದಿಳಿದವನಿಗೆ, ಒಂದು ಟೋಕನ್ ಕಾರ್ಡಿನ ಬಲದಿಂದ ಡಾಕ್ಟರ ಮುಂದೆ ಕೂರುವ ಹಕ್ಕು ಬಂತು. ಯಾರ ಕಡೆಯವರು, ಯಾರು ಕಳಿಸಿದರು ಎಂದು ಹೇಳಬೇಕಾಗಿರಲಿಲ್ಲ. ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರು, ವಯಸ್ಸು, ನೌಕರನಿಗೆ ಏನಾಗಬೇಕು ಎಂಬುದು ಬರೆದಿರುತ್ತಿತ್ತು. ನೌಕರನ ಆಶ್ರಯದಲ್ಲಿ ಇರುವ ತಂದೆತಾಯಿಯರಿಗೂ ಅದರಲ್ಲಿ ಜಾಗವಿತ್ತು. ಆ ಕಾರ್ಡು ಬಾಗಿಲನ್ನು ತೆರೆಯಿತು. ಒಳಗೆ ಹೋಗಿ ಏನು ಹೇಳಬೇಕು ಎಂಬುದನ್ನು ರೋಗಿಯೇ ನೋಡಿಕೊಳ್ಳಬೇಕಿತ್ತು.

ಸುಸ್ತು, ಸಂಕಟ, ಗಾಬರಿ

ಕನ್ನಡಕ್ಕೂ ಹಿಂದಿಗೂ ನೂರಾರು ಮಾತುಗಳು ಸಮಾನವಾಗಿವೆ. ಸಂಸ್ಕೃತದಿಂದ ಎರಡೂ ತಂದುಕೊಂಡಿವೆ, ಪಾರ್ಸಿಯಿಂದ ಎರಡೂ ಪಡೆದಿವೆ. ಕಾಯಿಲೆಯ ವಿಷಯದಲ್ಲಿ ಈ ನೆಂಟಸ್ತಿಕೆಯೇ ಅಪಾಯ. ಪೂರ್ತಿ ಅಪರಿಚಿತವಾದ ಮಾತು ಕಿವಿಗೆ ಬಿದ್ದರೆ ಮನುಷ್ಯ ಎಚ್ಚರವಾಗುತ್ತಾನೆ. ಪರಿಚಿತ ಮಾತು ಬೇರೆ ಅರ್ಥದಲ್ಲಿ ಬಂದರೆ ಎಡವುತ್ತಾನೆ.

‘ಸುಸ್ತು’ ಎಂದರೆ ಕನ್ನಡದಲ್ಲಿ ದಣಿವು, ಬಳಲಿಕೆ. ಹಿಂದಿಯಲ್ಲಿ ‘ಸುಸ್ತ್’ ಎಂದರೆ ಮಂದ, ಸೋಮಾರಿ. ದಿನವಿಡೀ ಮನೆಗೆಲಸ ಮಾಡಿ ರಕ್ತ ಕಡಿಮೆಯಾಗಿ ಏದುಸಿರು ಬಿಡುವ ಹೆಂಗಸು ತನಗೆ ತಿಳಿದ ಅಲ್ಪ ಹಿಂದಿಯಲ್ಲಿ ತಾನು ‘ಸುಸ್ತ್’ ಎಂದರೆ, ಕೇಳುವವರ ಕಿವಿಗೆ ಅದು ಸೋಮಾರಿತನದ ಒಪ್ಪಿಗೆಯಂತೆ ಬೀಳುತ್ತದೆ. ‘ಸಂಕಟ’ ಕನ್ನಡದಲ್ಲಿ ಹೊಟ್ಟೆಯಲ್ಲೂ ಆಗುತ್ತದೆ, ಮನಸ್ಸಿನಲ್ಲೂ ಆಗುತ್ತದೆ. ಊಟ ಸೇರದೆ ತೊಳಸುವುದಕ್ಕೂ ಸಂಕಟ, ಮಗ ಕಾಗದ ಬರೆಯದಿದ್ದರೂ ಸಂಕಟ. ಹಿಂದಿಯ ‘ಸಂಕಟ್’ ವಿಪತ್ತು, ಬಿಕ್ಕಟ್ಟು. ದೇಶಕ್ಕೆ ಬರುತ್ತದೆ, ಹೊಟ್ಟೆಗೆ ಬರುವುದಿಲ್ಲ. ‘ಖೂನ್ ಕೀ ಜಾಂಚ್’ ಎಂದರೆ ರಕ್ತಪರೀಕ್ಷೆ. ಖೂನಿ ಎಂದರೆ ಕೊಲೆ ಎಂದೇ ತಿಳಿದು ಬೆಳೆದವರಿಗೆ ಮೊದಲ ಸಲ ಅದನ್ನು ಕೇಳಿದಾಗ ಎದೆ ಧಸಕ್ಕೆನ್ನದೆ ಇರುತ್ತದೆಯೆ?

ಇವುಗಳಲ್ಲೆಲ್ಲ ಹೆಚ್ಚು ಸೂಕ್ಷ್ಮವಾದದ್ದು ‘ಗಾಬರಿ’. ಕನ್ನಡದಲ್ಲಿ ಗಾಬರಿ ಮನಸ್ಸಿಗೆ ಸೇರಿದ್ದು, ಹೆದರಿಕೆಯ ತಂಗಿ. ಹಿಂದಿಯ ‘ಘಬರಾಹಟ್’ ಹೆದರಿಕೆಯೂ ಹೌದು, ದೇಹದ ಲಕ್ಷಣವೂ ಹೌದು: ಎದೆ ಡವಗುಟ್ಟುವುದು, ಉಸಿರು ಕಟ್ಟಿದಂತಾಗುವುದು, ಬೆವರುವುದು. ಡಾಕ್ಟರು ‘ಘಬರಾಹಟ್ ಹೋತೀ ಹೈ?’ ಎಂದು ಕೇಳುವಾಗ ಅವರ ಗಮನ ಹೃದಯದ ಮೇಲಿರಬಹುದು. ಕನ್ನಡದ ಹಿರಿಯರಿಗೆ ಕೇಳಿಸುವುದು ‘ನಿಮಗೆ ಹೆದರಿಕೆಯಾಗುತ್ತದೆಯೆ?’ ಎಂಬ ಪ್ರಶ್ನೆ. ಜೀವನದಲ್ಲಿ ಏನೇನೋ ಕಂಡವರು ಆ ಪ್ರಶ್ನೆಗೆ ಇಲ್ಲವೆಂದೇ ಹೇಳಿಯಾರು. ಇಲ್ಲಿ ಒಂದು ‘ಇಲ್ಲ’ಕ್ಕೆ ಬಹಳ ಬೆಲೆ ಇದೆ.

ಚಿಕಿತ್ಸೆಯಲ್ಲಿ ಭಾಷೆಯ ಹಂಗಿಲ್ಲದ ಭಾಗಗಳೂ ಇವೆ. ಥರ್ಮಾಮೀಟರಿನ ಅಂಕಿ ಎಲ್ಲರಿಗೂ ಒಂದೇ. ಹಳೆಯ ಕಾಲದ ಕಂಪೌಂಡರು ಮಿಕ್ಸ್ಚರಿನ ಬಾಟಲಿಗೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದೊಂದು ಕಚ್ಚಿಗೆ ಒಂದೊಂದು ಸಲದ ಔಷಧ. ಓದಲು ಬಾರದವರಿಗೂ ಅದು ತಿಳಿಯುತ್ತಿತ್ತು, ಬೆಂಗಳೂರಿನಲ್ಲೂ ಅದೇ ಗುರುತು, ದೆಹಲಿಯಲ್ಲೂ ಅದೇ. ಮಾತ್ರೆಗಳ ಕಾಲ ಬಂದ ಮೇಲೆ ‘1-0-1’ ಎಂದು ಬರೆಯುವ ರೂಢಿ ಆ ಕೆಲಸ ಮಾಡಿತು: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಡಾಕ್ಟರಿಂದ ರೋಗಿಯ ಕಡೆಗೆ ಬರುವ ಮಾತಿಗೆ ಹೀಗೆ ಚಿಹ್ನೆಗಳು ಹುಟ್ಟಿಕೊಂಡವು. ರೋಗಿಯಿಂದ ಡಾಕ್ಟರ ಕಡೆಗೆ ಹೋಗುವ ಮಾತಿಗೆ ಅಂಥ ಚಿಹ್ನೆಗಳು ಹುಟ್ಟಲಿಲ್ಲ. ನೋವಿರುವ ಜಾಗವನ್ನು ಬೆರಳಿನಿಂದ ತೋರಿಸಬಹುದು. ನೋವು ಚುಚ್ಚುತ್ತದೋ, ಹಿಂಡುತ್ತದೋ, ಉರಿಯುತ್ತದೋ, ಸೆಳೆಯುತ್ತದೋ ಎಂಬುದನ್ನು ಬೆರಳು ಹೇಳಲಾರದು.

ಲೋಧಿ ಕಾಲೋನಿಯವರಿಗೆ ಹತ್ತಿರದಲ್ಲೇ ಇನ್ನೊಂದು ಬಾಗಿಲೂ ಇತ್ತು. ಪಕ್ಕದ ಅಲೀಗಂಜಿನಲ್ಲಿ ಇದೇ ಸರ್ಕಾರಿ ಯೋಜನೆಯ ಆಯುರ್ವೇದ ಆಸ್ಪತ್ರೆ ಇದೆ. ಆಯುರ್ವೇದ, ಯುನಾನಿ, ಹೋಮಿಯೋಪತಿಗಳನ್ನು ಯೋಜನೆ ಕ್ರಮೇಣ ತನ್ನೊಳಗೆ ಸೇರಿಸಿಕೊಂಡಿತು. ಈ ಪದ್ಧತಿಗಳ ಗುಣದೋಷ ಬೇರೆಯೇ ಚರ್ಚೆ. ಮಾತಿನ ಮಟ್ಟಿಗೆ ಮಾತ್ರ ಅಲ್ಲಿ ಒಂದು ಅನುಕೂಲವಿತ್ತು. ಪಿತ್ತ, ವಾತ, ಕಫ, ಅಜೀರ್ಣ ಎಂಬ ಪದಗಳು ಕನ್ನಡದ ಅಡುಗೆಮನೆಯಲ್ಲೂ ಇವೆ, ವಾರಾಣಸಿಯಲ್ಲಿ ಕಲಿತ ವೈದ್ಯರ ಬಾಯಲ್ಲೂ ಇವೆ. ‘ಪಿತ್ತ ಕೆರಳಿದೆ’ ಎಂದಾಗ ಅಲೋಪತಿಯ ಯುವ ಡಾಕ್ಟರು ಮುಖ ನೋಡಿದರೆ, ವೈದ್ಯರು ತಲೆಯಾಡಿಸುತ್ತಿದ್ದರು. ಹಿರಿಯರು ಮೊಣಕಾಲು ನೋವಿಗೆ, ಹೊಟ್ಟೆಯ ತೊಂದರೆಗೆ ಆ ಕಡೆ ನಡೆಯುವುದಕ್ಕೆ ಔಷಧದ ಮೇಲಿನ ನಂಬಿಕೆಯಷ್ಟೇ ಈ ತಲೆಯಾಡಿಸುವಿಕೆಯೂ ಕಾರಣವಾಗಿರಬಹುದು.

ಆಸ್ಪತ್ರೆಯ ಹೆಸರಿನಲ್ಲೂ ಒಂದು ತಮಾಷೆಯಿದೆ. ಉತ್ತರ ಕರ್ನಾಟಕದವರ ಬಾಯಲ್ಲಿ ಆಸ್ಪತ್ರೆ ಎಂದರೆ ‘ದವಾಖಾನಿ’. ದೆಹಲಿಯಲ್ಲಿ ಅದೇ ‘ದವಾಖಾನಾ’ ಎಂದು ಕೇಳಿದರೆ ಜನ ಯುನಾನಿ ಹಕೀಮರ ಅಂಗಡಿಯತ್ತ ಕೈ ತೋರಿಸುವುದೇ ಹೆಚ್ಚು. 1906ರಲ್ಲಿ ಇಲ್ಲಿ ಹುಟ್ಟಿದ ಹಮ್‌ದರ್ದ್ ದವಾಖಾನೆಯ ಊರಿದು. ಹುಬ್ಬಳ್ಳಿಯ ಮನೆಮಾತು ಮೂಲ ಜಾಗಕ್ಕೆ ಬಂದೊಡನೆ ಬೇರೆ ಬಾಗಿಲಿಗೆ ಕರೆದೊಯ್ಯುತ್ತದೆ.

ಜೊತೆಗೆ ಹೋದ ಮಕ್ಕಳು

ಡಿಸ್ಪೆನ್ಸರಿಗೆ ಒಂಟಿಯಾಗಿ ಹೋಗಬೇಕಾಗಿ ಬಂದವರು ಮೂರು ಬಗೆಯವರು. ಮದುವೆಯಾಗದ ಅಥವಾ ಸಂಸಾರವನ್ನು ಊರಲ್ಲೇ ಬಿಟ್ಟ ನೌಕರ ಮೊದಲನೆಯವನು. ಅವನಿಗೆ ಇಂಗ್ಲಿಷ್ ಇತ್ತು, ಜೊತೆ ಇರಲಿಲ್ಲ. ಗಂಡ ಕಚೇರಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಹೆಂಡತಿ ಎರಡನೆಯವಳು. ಮಾರುಕಟ್ಟೆಯಲ್ಲಿ, ನೆರೆಮನೆಯಲ್ಲಿ ಹಿಂದಿ ಕಲಿತು ಕೆಲವು ವರ್ಷಗಳಲ್ಲಿ ಅವಳು ಹೇಗೋ ನಿಭಾಯಿಸುತ್ತಿದ್ದಳು. ಮೂರನೆಯವಳು ತಾಯಿ. ಗಂಡ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ, ಎರಡು ದಿನ ರೈಲಿನಲ್ಲಿ ಕೂತು ಮಗನ ಕ್ವಾರ್ಟರ್ಸಿಗೆ ಬಂದವಳು. ಕಾಯಿಲೆ ಹೆಚ್ಚಾಗುವ ವಯಸ್ಸಿನಲ್ಲೇ ಅವಳು ಭಾಷೆಯಿಲ್ಲದ ಊರಿಗೆ ಬಂದಿರುತ್ತಾಳೆ. ಸರ್ಕಾರಿ ಕಾರ್ಡಿನಲ್ಲಿ ಅವಳನ್ನು ‘ಆಶ್ರಿತೆ’ ಎಂದು ಬರೆದಿರುತ್ತದೆ. ಡಾಕ್ಟರ ಮುಂದೆ ಆ ಮಾತು ಇನ್ನೊಂದು ಅರ್ಥದಲ್ಲೂ ನಿಜ. ತನ್ನ ಮೈಯ ಸುದ್ದಿ ಹೇಳುವುದಕ್ಕೂ ಅವಳು ಬೇರೆಯವರನ್ನು ಆಶ್ರಯಿಸಬೇಕು.

ಆ ಬೇರೆಯವರು ಬಹಳ ಸಲ ಮಕ್ಕಳೇ. ದೆಹಲಿಯಲ್ಲಿ ಹುಟ್ಟಿ ಶಾಲೆಯಲ್ಲಿ ಹಿಂದಿ ಕಲಿತ ಹತ್ತು ಹನ್ನೆರಡು ವರ್ಷದ ಮೊಮ್ಮಕ್ಕಳು. ಇದು ದೆಹಲಿಯ ಕನ್ನಡ ಕುಟುಂಬಗಳಿಗೆ ಮಾತ್ರ ಸೇರಿದ ಅನುಭವವಲ್ಲ, ಲೋಕದಲ್ಲಿ ವಲಸೆ ಹೋದ ಎಲ್ಲ ಕುಟುಂಬಗಳಲ್ಲೂ ಇದೆ. ಹುಡುಗನಿಗೆ ಕೆಮ್ಮು, ಜ್ವರ, ಮೊಣಕಾಲು ಸುಲಭ. ಮೂತ್ರದ ಉರಿ, ಗರ್ಭಕೋಶ ಜಾರುವುದು, ಮೊಲೆಯಲ್ಲಿ ಸಿಕ್ಕ ಗಂಟು ಇವನ್ನು ಅಜ್ಜಿ ಮೊಮ್ಮಗನ ಬಾಯಿಂದ ಹೇಳಿಸುವುದು ಹೇಗೆ? ಅವಳು ಮೊಣಕಾಲಿನ ವಿಷಯ ಹೇಳಿಸಿ ಎದ್ದು ಬರುತ್ತಾಳೆ. ಡಾಕ್ಟರು ಕೊಟ್ಟ ಕೆಟ್ಟ ಸುದ್ದಿಯನ್ನು ಮಗು ಅಜ್ಜಿಗೆ ತಿರುಗಿಸಿ ಹೇಳಬೇಕಾದ ಪ್ರಸಂಗವಂತೂ ಇಬ್ಬರಿಗೂ ಭಾರ.

ಈ ಸಮಸ್ಯೆಯನ್ನು ಕಾನೂನಿನ ಮಟ್ಟದಲ್ಲಿ ಎದುರಿಸಿದ ದೇಶಗಳಿವೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ಮೂಲದೇಶದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದಿತು. ಅದರ ಬೆನ್ನಿಗೆ, ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಒದಗಿಸುವುದು ಆಸ್ಪತ್ರೆಯ ಹೊಣೆ ಎಂಬ ತಿಳಿವಳಿಕೆ ಬೆಳೆಯಿತು. ತುರ್ತು ಸಂದರ್ಭ ಬಿಟ್ಟು ಚಿಕ್ಕ ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದು ಎಂದು 2016ರ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಮಕ್ಕಳನ್ನು ನೋಡಲು ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೋದ ಕನ್ನಡದ ಹಿರಿಯರು ಅಲ್ಲಿನ ಆಸ್ಪತ್ರೆಯಲ್ಲಿ ಫೋನಿನ ಮೂಲಕ ಕನ್ನಡ ದುಭಾಷಿಯೊಡನೆ ಮಾತಾಡುವುದು ಸಾಧ್ಯ. ತಮ್ಮದೇ ದೇಶದ ರಾಜಧಾನಿಯಲ್ಲಿ ಅವರಿಗೆ ಅಂಥ ಹಕ್ಕು ಇಲ್ಲ.

ಸ್ವಂತ ದೇಶದಲ್ಲಿ ದುಭಾಷಿ ಯಾಕೆ ಎಂಬ ಭಾವನೆಯೇ ಇದಕ್ಕೆ ಅಡ್ಡ ಬಂದಿರಬಹುದು. ಹಾಗೆ ನೋಡಿದರೆ ದೆಹಲಿಯ ಡಾಕ್ಟರರೂ ಎಷ್ಟೋ ಸಲ ಹೊರಗಿನವರೇ. 1963ರಲ್ಲಿ ರೂಪುಗೊಂಡ ಕೇಂದ್ರ ಆರೋಗ್ಯ ಸೇವೆಗೆ ದೇಶದ ಎಲ್ಲ ಕಡೆಯ ವೈದ್ಯರು ಸೇರಿದರು. ನರ್ಸುಗಳಲ್ಲಿ ಕೇರಳದವರು ಬಹಳ. ಮಂಗಳೂರು, ಕಾಸರಗೋಡಿನ ಕಡೆಯವರಿಗೆ ಮಲಯಾಳಿ ನರ್ಸೊಬ್ಬಳು ಸಿಕ್ಕರೆ ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು. ತಮಿಳು ಡಾಕ್ಟರಿಗೆ ‘ತಲೆ ಸುತ್ತು’ ಎಂದರೆ ಅರ್ಥವಾಗುತ್ತದೆ, ಅವರದೂ ‘ತಲೈ ಸುತ್ತಲ್’. ಇಂಥ ಕೂಡುವಿಕೆ ಅದೃಷ್ಟದ ಮಾತು. ಯೋಜನೆಯಲ್ಲಿ ಅದನ್ನು ಬರೆದಿರಲಿಲ್ಲ.

ಸಹಿ ಯಾರದು?

ಡಿಸ್ಪೆನ್ಸರಿಯಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟ ಮೇಲೆ ‘ಜೊತೆಗೆ ಯಾರು?’ ಎಂಬ ಪ್ರಶ್ನೆಯ ತೂಕ ಹೆಚ್ಚುತ್ತದೆ. ಆಪರೇಷನ್ನಿಗೆ ಒಪ್ಪಿಗೆಯ ಕಾಗದ ಬೇಕು. ಪ್ರಜ್ಞೆಯಿರುವ, ವಯಸ್ಕನಾದ ರೋಗಿ ತಾನೇ ಸಹಿ ಹಾಕಬಲ್ಲ. ಆದರೂ ಸಂಬಂಧಿಕರ ಸಹಿ ಕೇಳುವುದು ಆಸ್ಪತ್ರೆಗಳ ರೂಢಿ. ರೋಗಿ ಹೆಂಗಸಾದರೆ, ವಯಸ್ಸಾದವರಾದರೆ, ಭಾಷೆ ಬಾರದವರಾದರೆ, ಡಾಕ್ಟರು ರೋಗಿಯನ್ನು ಬಿಟ್ಟು ಪಕ್ಕದಲ್ಲಿ ನಿಂತವರೊಡನೆ ಮಾತಾಡಲು ಶುರುಮಾಡುತ್ತಾರೆ. ಒಂಟಿಯಾಗಿ ಬಂದವರ ಚಿಕಿತ್ಸೆ ಸಂಬಂಧಿಕರು ಬರುವ ತನಕ ನಿಲ್ಲುವುದೂ ಉಂಟು.

ಈ ರೂಢಿಯ ಮೇಲೆ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಪ್ರಕರಣ ದೆಹಲಿಯದೇ. ಅವಿವಾಹಿತ ಮಹಿಳೆಯೊಬ್ಬರು ಪರೀಕ್ಷೆಗೆಂದು ಒಪ್ಪಿ ಅರಿವಳಿಕೆಗೆ ಒಳಗಾಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನು ತೆಗೆಯಲಾಗಿತ್ತು. ರೋಗಿ ವಯಸ್ಕಳೂ ತನ್ನ ನಿರ್ಧಾರ ತಾನೇ ಮಾಡಬಲ್ಲವಳೂ ಆಗಿದ್ದಾಗ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಾಗ, ಹೆತ್ತ ತಾಯಿಯ ಒಪ್ಪಿಗೆಯೂ ಅವಳ ಒಪ್ಪಿಗೆಗೆ ಬದಲಾಗದು ಎಂದು ನ್ಯಾಯಾಲಯ ಹೇಳಿತು. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ಅಪಾಯವೇನು ಎಂಬುದನ್ನು ರೋಗಿಗೆ ಸಾಕಷ್ಟು ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ.

ಒಂಟಿ ರೋಗಿಯ ಪಾಲಿಗೆ ಈ ತೀರ್ಪು ದೊಡ್ಡದು. ಜೊತೆಗೆ ಯಾರೂ ಇಲ್ಲದಿರುವುದು ಕೊರತೆಯಲ್ಲ, ಮೈ ಯಾರದೋ ಮಾತೂ ಅವರದೇ. ಆದರೆ ತಿಳಿಸಿ ಹೇಳುವುದು ಯಾವ ಭಾಷೆಯಲ್ಲಿ? ಹಿಂದಿ ಅಥವಾ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದವರು ಏನನ್ನು ಒಪ್ಪಿದಂತಾಯಿತು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, 2018ರಲ್ಲಿ ಆರೋಗ್ಯ ಸಚಿವಾಲಯ ಜನರ ಮುಂದಿಟ್ಟ ರೋಗಿಗಳ ಹಕ್ಕುಗಳ ಸನ್ನದು ಇದಕ್ಕೆ ಉತ್ತರ ಕೊಟ್ಟಿದೆ. ರೋಗದ ಬಗ್ಗೆ, ಚಿಕಿತ್ಸೆಯ ಬಗ್ಗೆ ರೋಗಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಬೇಕು ಎಂಬುದು ಅದರಲ್ಲಿದೆ. ಆ ಭಾಷೆಯನ್ನು ಆಡುವವರನ್ನು ಯಾರು ಕರೆತರಬೇಕು, ಅವರಿಗೆ ಸಂಬಳ ಯಾರು ಕೊಡಬೇಕು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ನೆರೆಯವರೆಂಬ ಇಲಾಖೆ

ಸರ್ಕಾರ ಬಿಟ್ಟ ಜಾಗವನ್ನು ತುಂಬಿದವರು ನೆರೆಹೊರೆಯವರು. ದೆಹಲಿ ಕರ್ನಾಟಕ ಸಂಘ 1948ರಲ್ಲಿ ಹುಟ್ಟಿತು. ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಬಂತು. ಸಂಘಗಳ ಚರಿತ್ರೆ ಬರೆಯುವಾಗ ನಾಟಕ, ರಾಜ್ಯೋತ್ಸವ, ಕಟ್ಟಡ, ಅತಿಥಿಗಳ ಹೆಸರು ಬರುತ್ತವೆ. ಅಂಥ ಕಡೆ ಪರಿಚಯವಾದವರು ಒಬ್ಬರಿಗೊಬ್ಬರು ಮಾಡಿದ ಸಣ್ಣ ಉಪಕಾರಗಳು ಯಾವ ಸ್ಮರಣ ಸಂಚಿಕೆಗೂ ಬರುವುದಿಲ್ಲ. ಯಾವ ಡಿಸ್ಪೆನ್ಸರಿಯಲ್ಲಿ ದಕ್ಷಿಣದ ಡಾಕ್ಟರಿದ್ದಾರೆ, ಸಫ್ದರ್‌ಜಂಗಿನಲ್ಲಿ ಯಾವ ದಿನ ಯಾವ ವಿಭಾಗ, ಏಮ್ಸಿನ ಸಾಲಿಗೆ ಎಷ್ಟು ಗಂಟೆಗೆ ಹೋಗಬೇಕು, ಮೇಲಿನ ಮನೆಯ ಪಂಜಾಬಿ ಅಮ್ಮ ಜೊತೆಗೆ ಬರುತ್ತಾರೋ ಎಂಬ ತಿಳಿವಳಿಕೆ ಹಬ್ಬದ ಊಟದ ಎಲೆಯ ಮುಂದೆ, ಮೆಟ್ಟಿಲ ಮೇಲೆ, ಬಟ್ಟೆ ಒಣಹಾಕುವ ಅಂಗಳದಲ್ಲಿ ಕೈದಾಟುತ್ತಿತ್ತು.

ಕ್ವಾರ್ಟರ್ಸಿನ ನೆರೆಹೊರೆಗೆ ಒಂದು ಅವಧಿಯಿದೆ. ನಿವೃತ್ತಿಯಾದ ಮೇಲೆ ಮನೆ ಖಾಲಿ ಮಾಡಬೇಕು. ಪಿಂಚಣಿದಾರರಿಗೂ ಯೋಜನೆಯ ಸೌಲಭ್ಯ ಮುಂದುವರಿಯುತ್ತದೆ, ಕಾರ್ಡು ಉಳಿಯುತ್ತದೆ. ಅಂಗಳ ಉಳಿಯುವುದಿಲ್ಲ. ಕೆಲವರು ದ್ವಾರಕಾ, ನೋಯ್ಡಾ, ಗುರುಗ್ರಾಮದ ಫ್ಲಾಟುಗಳಿಗೆ ಹೋದರು. ಕೆಲವರು ಬೆಂಗಳೂರಿಗೆ ಮರಳಿದರು, 1970ರ ದಶಕದಲ್ಲಿ ಯೋಜನೆ ಅಲ್ಲಿಗೂ ಬಂದಿತ್ತು. ಹಿಂದೆ ಇಡೀ ಕುಟುಂಬಕ್ಕೆ ಒಂದೇ ಇದ್ದ ಕಾರ್ಡು ಈ ಶತಮಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕಾರ್ಡಾಯಿತು. ಆಡಳಿತಕ್ಕೆ ಇದು ಅನುಕೂಲದ ಸುಧಾರಣೆ. ರೋಗಿ ಒಬ್ಬ ಬಿಡಿ ವ್ಯಕ್ತಿ ಎಂಬುದನ್ನು ಕಾರ್ಡು ಕೊನೆಗೂ ಒಪ್ಪಿಕೊಂಡಿತು ಎಂದೂ ಓದಬಹುದು.

ಈಗ ಜೊತೆಗಾರನ ಕೆಲಸವನ್ನು ಫೋನು ಮಾಡುತ್ತದೆ. ಪುಣೆಯಲ್ಲೋ ದುಬೈನಲ್ಲೋ ಇರುವ ಮಗಳಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಡಾಕ್ಟರ ಮೇಜಿನ ಮೇಲೆ ಇಟ್ಟರಾಯಿತು. ಸಾಲು ಉದ್ದವಿದ್ದಾಗ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ಮಗಳ ಮುಂದೆ ಹೇಳಲಾಗದ್ದು ಆಗಲೂ ಉಳಿಯುತ್ತದೆ. ಲೋಧಿ ಕಾಲೋನಿಯಿಂದ ಸ್ವಲ್ಪ ದೂರದ ಲಾಜಪತ್ ನಗರದಲ್ಲಿ ಕಾಬೂಲಿನಿಂದ ಚಿಕಿತ್ಸೆಗೆ ಬಂದವರಿಗಾಗಿ ಅ‌ಂಗಡಿಗಳ ಮೇಲೆ ದರಿ ಭಾಷೆಯ ಫಲಕಗಳು ಬಂದವು, ಖಾಸಗಿ ಆಸ್ಪತ್ರೆಗಳು ಅವರಿಗಾಗಿ ದುಭಾಷಿಗಳನ್ನು ಇಟ್ಟುಕೊಂಡವು. ಹಣ ಕೊಡುವ ವಿದೇಶಿ ರೋಗಿಗೆ ದುಭಾಷಿ ಬೇಕೆಂಬುದು ಆಸ್ಪತ್ರೆಗೆ ಕೂಡಲೇ ಹೊಳೆಯಿತು. ಕಾರ್ಡು ಹಿಡಿದು ಬರುವ ಸ್ವದೇಶಿ ರೋಗಿಯ ವಿಷಯದಲ್ಲಿ ಎಪ್ಪತ್ತು ವರ್ಷ ಕಳೆದರೂ ಹೊಳೆದಿಲ್ಲ. ಅಂದರೆ ಆಗದ ಕೆಲಸವೇನೂ ಅಲ್ಲ ಅದು.

ದೆಹಲಿಯ ಕನ್ನಡಿಗರ ಈ ಚರಿತ್ರೆಗೆ ಇನ್ನೊಂದು ಮಗ್ಗುಲು ಈಗ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಕಟ್ಟಡಗಳ ಸಾರುವೆಯ ಮೇಲೆ, ಕಾವಲುಗಾರರ ಗೂಡುಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಮಿನವರು ದುಡಿಯುತ್ತಿದ್ದಾರೆ. ಅವರಲ್ಲಿ ಬಹಳ ಜನ ಒಂಟಿಯಾಗಿ ಬಂದವರು, ಎಷ್ಟೋ ಜನರ ಮನೆಮಾತು ಹಿಂದಿಯೂ ಅಲ್ಲ, ಕೈಯಲ್ಲಿ ಕೇಂದ್ರ ಸರ್ಕಾರದ ಕಾರ್ಡೂ ಇಲ್ಲ. 2022ರಲ್ಲಿ ಕರ್ನಾಟಕ ಸರ್ಕಾರ ‘ನಮ್ಮ ಕ್ಲಿನಿಕ್’ಗಳನ್ನು ತೆರೆಯಿತು. ದಿನಗೂಲಿ ಬಿಟ್ಟು ಅಲ್ಲಿಗೆ ಬಂದ ಒಡಿಶಾದ ಹುಡುಗ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಾನೆ. ಚುಚ್ಚುತ್ತದೋ ಹಿಂಡುತ್ತದೋ ಎಂದು ಹೇಳಲು ಅವನಲ್ಲಿ ಮಾತಿಲ್ಲ. ಕ್ಲಿನಿಕ್ಕಿನವರು ಅವನ ಮುಖ ನೋಡಿ, ಆಮೇಲೆ ಅವನ ಹಿಂದೆ ಬಾಗಿಲ ಕಡೆ ನೋಡಿ, ಜೊತೆಗೆ ಯಾರಾದರೂ ಬಂದಿದ್ದಾರಾ ಎಂದು ಕನ್ನಡದಲ್ಲಿ ಕೇಳುತ್ತಾರೆ.